ಗೂಡು ಕಾಯುವುದಿಲ್ಲ: ಡಾನಿ ರೋಡ್ರಿಕ್ ಮತ್ತು ಜಾಗತೀಕರಣದ ಲೆಕ್ಕ

ಜಾಗತೀಕರಣ ಅತಿಯಾಯಿತೆ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿಕೊಂಡ ಒಂದು ತೆಳು ಪುಸ್ತಕವನ್ನು ಅರ್ಥಶಾಸ್ತ್ರಜ್ಞ ಡಾನಿ ರೋಡ್ರಿಕ್ 1997ರಲ್ಲಿ ಪ್ರಕಟಿಸಿದರು. ರಕ್ಷಾಪುಟಕ್ಕೆಂದು ಹೆಸರಾಂತ ಅರ್ಥಶಾಸ್ತ್ರಜ್ಞರೊಬ್ಬರಿಂದ ಎರಡು ಮಾತು ಕೇಳಿದಾಗ ಬಂದ ಉತ್ತರ ವಿಚಿತ್ರವಾಗಿತ್ತು. ಪುಸ್ತಕದಲ್ಲಿ ತಪ್ಪೆನ್ನುವಂಥದ್ದು ಅವರಿಗೆ ಏನೂ ಕಂಡಿರಲಿಲ್ಲ. ವ್ಯಾಪಾರವನ್ನೇ ವಿರೋಧಿಸುವವರ ಕೈಗೆ ಇದು ಮದ್ದುಗುಂಡು ಒದಗಿಸೀತು ಎಂಬ ಅಳುಕು ಮಾತ್ರ ಇತ್ತು. ಈ ಪ್ರಸಂಗವನ್ನು ರೋಡ್ರಿಕ್ ಮುಂದೆ ಮತ್ತೆ ಮತ್ತೆ ನೆನಪಿಸಿಕೊಂಡಿದ್ದಾರೆ. ಅವರ ನಾಲ್ಕು ದಶಕಗಳ ವಿದ್ವತ್ ಬದುಕಿಗೆ ಇದೇ ಸರಿಯಾದ ಬಾಗಿಲು ಎಂದು ನನಗೆ ತೋರುತ್ತದೆ. ಅವರ ತಕರಾರು ಜಾಗತೀಕರಣದ ಮೇಲೆ ಇದ್ದುದಕ್ಕಿಂತ ತಮ್ಮ ವೃತ್ತಿಬಾಂಧವರ ಎರಡು ನಾಲಗೆಯ ಮೇಲೆ ಹೆಚ್ಚು ಇತ್ತು. ಸ್ನಾತಕೋತ್ತರ ತರಗತಿಯಲ್ಲಿ ‘ಇಂತಿಂಥ ಷರತ್ತುಗಳಿದ್ದರೆ, ಸೋತವರಿಗೆ ಪರಿಹಾರ ಕೊಟ್ಟರೆ’ ಎಂದು ಅಳೆದು ತೂಗಿ ಆಡುವ ಮಾತು, ಪತ್ರಕರ್ತರ ಎದುರಿಗೆ ‘ಮುಕ್ತ ವ್ಯಾಪಾರ ಒಳ್ಳೆಯದು’ ಎಂದಷ್ಟೇ ಆಗಿಬಿಡುತ್ತದೆ. ಷರತ್ತುಗಳು ದಾರಿಯಲ್ಲೆಲ್ಲೋ ಉದುರಿಹೋಗಿರುತ್ತವೆ.

ರೋಡ್ರಿಕ್ ಹುಟ್ಟಿದ್ದು 1957ರಲ್ಲಿ, ಇಸ್ತಾಂಬುಲ್‌ನ ಸೆಫಾರ್ಡಿ ಯಹೂದಿ ಕುಟುಂಬದಲ್ಲಿ. ತಂದೆಯದು ಪೆನ್ನು ತಯಾರಿಸುವ ಉದ್ಯಮ. ಪರದೇಶದ ಪೆನ್ನಿಗೆ ಟರ್ಕಿ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಬೆಳೆದ ವ್ಯವಹಾರ ಅದು. ತಾನು ಅಮೆರಿಕಕ್ಕೆ ಹೋಗಿ ಓದಲು ಸಾಧ್ಯವಾದದ್ದೇ ಆ ರಕ್ಷಣಾನೀತಿಯಿಂದ ಎಂದು ಅವರು ಒಪ್ಪಿಕೊಂಡಿದ್ದಾರೆ. ಹಾರ್ವರ್ಡ್‌ನಲ್ಲಿ ಪದವಿ, ಪ್ರಿನ್ಸ್‌ಟನ್‌ನಲ್ಲಿ 1985ರಲ್ಲಿ ಪಿಎಚ್‌ಡಿ. ಮಾರ್ಗದರ್ಶಕರು ಮುಂಬೈ ಮೂಲದ ಅವಿನಾಶ್ ದೀಕ್ಷಿತ್. ಬಳಿಕ ಹಾರ್ವರ್ಡ್‌ನ ಕೆನಡಿ ಶಾಲೆ, ಕೊಲಂಬಿಯಾ, 1996ರಲ್ಲಿ ಮತ್ತೆ ಹಾರ್ವರ್ಡ್. ನಡುವೆ 2013ರಿಂದ 2015ರವರೆಗೆ ಪ್ರಿನ್ಸ್‌ಟನ್‌ನ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಆಲ್ಬರ್ಟ್ ಹರ್ಷ್‌ಮನ್ ಹೆಸರಿನ ಪೀಠ. ಹೊರಗಿನಿಂದ ಕಲ್ಲೆಸೆದವರಲ್ಲ ಇವರು. ಆಯುಧಗಳೆಲ್ಲ ಗರಡಿಯೊಳಗಿನವೇ.

ಆ ಆಯುಧಗಳಲ್ಲಿ ಮೊದಲನೆಯದು ಪಠ್ಯಪುಸ್ತಕದ ಸಾದಾ ಸುಂಕದ ಚಿತ್ರ. ಆಮದು ಸುಂಕದಿಂದ ದೇಶಕ್ಕೆ ಆಗುವ ನಿವ್ವಳ ನಷ್ಟ ಚಿತ್ರದಲ್ಲಿ ಒಂದು ಪುಟ್ಟ ತ್ರಿಕೋನ. ಒಬ್ಬರ ಕಿಸೆಯಿಂದ ಇನ್ನೊಬ್ಬರ ಕಿಸೆಗೆ ಸರಿಯುವ ಹಣ ಒಂದು ಆಯತ. ತ್ರಿಕೋನ ಸುಂಕದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ, ಆಯತ ಹೆಚ್ಚುಕಡಿಮೆ ಸುಂಕದ ಪ್ರಮಾಣದಲ್ಲೇ ಬೆಳೆಯುತ್ತದೆ. ಹಾಗಾಗಿ ಶೇ 40ರ ಸುಂಕವನ್ನು ಪೂರ್ತಿ ತೆಗೆದರೆ ಸಿಗುವ ನಿವ್ವಳ ಲಾಭಕ್ಕೆ ಹೋಲಿಸಿದರೆ, ಶೇ 5ರ ಸುಂಕ ತೆಗೆದಾಗ ಸಿಗುವುದು ಅದರ 64ನೇ ಒಂದು ಪಾಲು. ಕೈ ಬದಲಾಗುವ ಹಣ ಮಾತ್ರ ಸುಮಾರು 8ನೇ ಒಂದು ಪಾಲಿನಷ್ಟು ಉಳಿದೇ ಇರುತ್ತದೆ. ಸರಾಸರಿ ಸುಂಕ ಶೇ 5ಕ್ಕೂ ಕೆಳಗಿರುವ ದೇಶ ಪೂರ್ಣ ಮುಕ್ತ ವ್ಯಾಪಾರಕ್ಕೆ ಹೋದರೆ, ಒಂದು ಡಾಲರಿನ ನಿವ್ವಳ ಲಾಭಕ್ಕೆ 50 ಡಾಲರಿಗೂ ಹೆಚ್ಚು ಹಣ ಜನರ ನಡುವೆ ಅದಲುಬದಲಾಗುತ್ತದೆ ಎಂದು ರೋಡ್ರಿಕ್ ಲೆಕ್ಕ ಕಟ್ಟಿದರು. ಇದರಲ್ಲಿ ಹೊಸ ಗಣಿತ ಏನೂ ಇಲ್ಲ. ಇದ್ದ ಗಣಿತವನ್ನು ಕೊನೆಯ ಸಾಲಿನವರೆಗೂ ಓದಿದ್ದೇ ಹೊಸತು.

ಈ ಲೆಕ್ಕವನ್ನು ನಮ್ಮ ಕಣ್ಣೆದುರಿನ ಒಂದು ಸರಕಿಗೆ ಹಚ್ಚಿ ನೋಡುವುದು ಉಪಯುಕ್ತ, ಸ್ವಲ್ಪ ಮುಜುಗರದ್ದೂ ಹೌದು. 2011–12ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ಚೀನಾ ರೇಷ್ಮೆಯ ಎದುರು ಗೂಡಿನ ಬೆಲೆ ಕುಸಿಯಿತು, ರಾಮನಗರ, ಶಿಡ್ಲಘಟ್ಟ ಸೀಮೆಯ ಬೆಳೆಗಾರರು ಬೀದಿಗಿಳಿದರು. ರೋಡ್ರಿಕ್ ಸೂತ್ರವನ್ನು ಇಲ್ಲಿ ಪ್ರಾಮಾಣಿಕವಾಗಿ ಹಾಕಿದರೆ ಉತ್ತರ ಬೆಳೆಗಾರರ ಪರವಾಗಿ ಬರುವುದಿಲ್ಲ. 30ರ ವರ್ಗ 900, ಐದರ ವರ್ಗ 25. ಅಂದರೆ ಸುಂಕದ ನಿವ್ವಳ ನಷ್ಟದಲ್ಲಿ ಸುಮಾರು ಶೇ 97 ಒಂದೇ ಏಟಿಗೆ ಹೋಯಿತು. ಕಂಚಿಯ ನೇಕಾರರಿಗೂ ಬನಾರಸ್‌ನವರಿಗೂ ನೂಲು ಅಗ್ಗವಾದದ್ದು ಸುಳ್ಳಲ್ಲ. ರೋಡ್ರಿಕ್‌ರನ್ನು ರಕ್ಷಣಾವಾದಿ ಎಂದು ಉಲ್ಲೇಖಿಸುವ ನಮ್ಮ ಲೇಖಕರು ಈ ಅಂಕಗಣಿತವನ್ನು ದಾಟಿಕೊಂಡು ಹೋಗುತ್ತಾರೆ.

ಆದರೆ 1997ರ ಪುಸ್ತಕದ ಇನ್ನೊಂದು ವಾದ ಗೂಡಿನ ಮಾರುಕಟ್ಟೆಯ ಅಂಗಳದಲ್ಲೇ ನಿಂತಿದೆ. ಗಡಿ ದಾಟಬಲ್ಲವರು ಮತ್ತು ದಾಟಲಾರದವರ ನಡುವೆ ಜಾಗತೀಕರಣ ಬಿರುಕು ಮೂಡಿಸುತ್ತದೆ. ಬಂಡವಾಳಕ್ಕೆ ‘ಇಲ್ಲದಿದ್ದರೆ ಹೊರಟೆ’ ಎನ್ನುವ ಅವಕಾಶವಿರುವಾಗ ದುಡಿಯುವವನ ಚೌಕಾಸಿ ಬಲ ಕುಗ್ಗಿ, ಪೇಟೆಯ ಪ್ರತಿ ಏರಿಳಿತದ ಪೆಟ್ಟನ್ನೂ ಅವನೇ ಹೊರಬೇಕಾಗುತ್ತದೆ. ರೇಷ್ಮೆಹುಳು ಚಂದ್ರಂಕಿ ತಟ್ಟೆಯಲ್ಲಿ ಗೂಡು ಕಟ್ಟಿ ಹತ್ತು-ಹನ್ನೆರಡು ದಿನಕ್ಕೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲಾಗದು. ಆದ್ದರಿಂದ ಗೂಡು ತಂದ ರೈತ ಬೆಲೆ ಸರಿಯಿಲ್ಲವೆಂದು ವಾಪಸು ಒಯ್ದು ಅಟ್ಟದಲ್ಲಿಟ್ಟು ಕಾಯುವಂತಿಲ್ಲ. ಹರಾಜಿನಲ್ಲಿ ಕೂಗಿದ್ದೇ ಬೆಲೆ. ನೂಲು ಬಿಚ್ಚುವ ರೀಲರಿಗೆ ಒಂದೆರಡು ದಿನದ ಬಿಡುವು, ನೂಲು ದಾಸ್ತಾನು ಮಾಡಿದ ವ್ಯಾಪಾರಿಗೆ ತಿಂಗಳುಗಳ ಬಿಡುವು, ಆಮದುದಾರನಿಗೆ ಬೇರೆ ದೇಶವೇ ಉಂಟು. ಹಿಪ್ಪುನೇರಳೆ ಕಡ್ಡಿಯಂತೂ ನೆಟ್ಟಲ್ಲೇ ಇರುತ್ತದೆ. ತ್ರಿಕೋನದ ಲೆಕ್ಕಕ್ಕೆ ಸಿಗದ ನೋವು ಈ ಕಾಯುವ ಶಕ್ತಿಯ ಏಣಿಯಲ್ಲಿದೆ. ರೋಡ್ರಿಕ್‌ರ ನಿಜವಾದ ಕೊಡುಗೆ ಇಲ್ಲಿ ಎಂಬುದು ನನ್ನ ಎಣಿಕೆ.

ಅಪಾಯ ಯಾರ ಹೆಗಲಿಗೆ ಎಂಬ ಈ ಪ್ರಶ್ನೆಯೇ 1998ರ ಅವರ ಪ್ರಸಿದ್ಧ ಪ್ರಬಂಧಕ್ಕೆ ದಾರಿ ಮಾಡಿತು. ವ್ಯಾಪಾರಕ್ಕೆ ಹೆಚ್ಚು ತೆರೆದುಕೊಂಡ ದೇಶಗಳಲ್ಲಿ ಸರ್ಕಾರ ಚಿಕ್ಕದಾಗಿರಬೇಕೆಂದು ಯಾರಾದರೂ ಊಹಿಸಿಯಾರು. 18 ಶ್ರೀಮಂತ ದೇಶಗಳಲ್ಲಿ ಅದು ತಿರುಗುಮುರುಗು ಎಂದು ರಾಜ್ಯಶಾಸ್ತ್ರಜ್ಞ ಡೇವಿಡ್ ಕ್ಯಾಮರಾನ್ 1978ರಲ್ಲೇ ತೋರಿಸಿದ್ದರು. ನೂರಕ್ಕೂ ಹೆಚ್ಚು ದೇಶಗಳಲ್ಲೂ ಹಾಗೇ ಇದೆ ಎಂದು ರೋಡ್ರಿಕ್ ಕಂಡುಕೊಂಡರು. ಹೊರಗಿನ ಬೆಲೆಗಳ ಏರಿಳಿತಕ್ಕೆ ಸಿಲುಕಿದ ದೇಶಗಳಲ್ಲಿ ಸರ್ಕಾರಿ ವೆಚ್ಚ ಒಂದು ಬಗೆಯ ವಿಮೆಯಾಗಿ ಬೆಳೆಯುತ್ತದೆ ಎಂಬುದು ಅವರ ವಿವರಣೆ. ಆಲ್ಬರ್ಟೊ ಅಲೆಸಿನಾ ಮತ್ತು ರೊಮೇನ್ ವಾಕ್ಸಿಯಾರ್ ಅದೇ ವರ್ಷ ಬೇರೆ ಕಾರಣ ಹೇಳಿದರು: ಚಿಕ್ಕ ದೇಶಗಳಿಗೆ ವ್ಯಾಪಾರವೂ ಹೆಚ್ಚು ಬೇಕು, ತಲಾವಾರು ಸರ್ಕಾರದ ಖರ್ಚೂ ಹೆಚ್ಚು, ಇವೆರಡರ ನಂಟು ಬರೀ ಗಾತ್ರದ ಆಟ. ಆಕ್ಷೇಪ ಹಗುರವಾದದ್ದಲ್ಲ. ಆದರೂ ಸಂತೆ ದೊಡ್ಡದಾದಷ್ಟೂ ಸೂರು ಗಟ್ಟಿಯಿರಬೇಕು ಎಂಬ ಚಿಂತನೆ ಆ ಪ್ರಬಂಧದಿಂದಾಚೆಗೆ ನೀತಿ ಚರ್ಚೆಯಲ್ಲಿ ನೆಲೆನಿಂತಿತು.

ಅಂಕಿಅಂಶದ ಪೆಟ್ಟಿಗೆ ಬಿಚ್ಚಿ ನೋಡುವುದು ಅವರ ಹಳೆಯ ಚಟ. ತೆರೆದ ದೇಶಗಳು ವೇಗವಾಗಿ ಬೆಳೆಯುತ್ತವೆ ಎಂದು ಜೆಫ್ರಿ ಸ್ಯಾಕ್ಸ್ ಮತ್ತು ಆಂಡ್ರ್ಯೂ ವಾರ್ನರ್ 1995ರಲ್ಲಿ ಐದು ಲಕ್ಷಣಗಳ ಸೂಚಿಯೊಂದನ್ನು ಕಟ್ಟಿ ಸಾಧಿಸಿದ್ದರು. ಫ್ರಾನ್ಸಿಸ್ಕೊ ರೊಡ್ರಿಗಸ್ ಜೊತೆ ಸೇರಿ ರೋಡ್ರಿಕ್ ಆ ಐದನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಿದರು. ಸೂಚಿಯ ಬಲವೆಲ್ಲ ಎರಡರಲ್ಲೇ ಇತ್ತು: ವಿದೇಶಿ ವಿನಿಮಯದ ಕಾಳಸಂತೆ ದರ, ಮತ್ತು ಮುಖ್ಯ ರಫ್ತಿನ ಮೇಲೆ ಸರ್ಕಾರದ ಏಕಸ್ವಾಮ್ಯ. ಸುಂಕ, ಆಮದು ನಿರ್ಬಂಧಗಳ ಪಾಲು ಗಣನೆಗೆ ಬರುವಂತಿರಲಿಲ್ಲ. ಇದೇ ಕಣ್ಣು ಮುಂದೆ ಸ್ವಂತ ಮನೆಗೂ ಬೇಕಾಯಿತು. ಟರ್ಕಿಯಲ್ಲಿ ಅವರ ಮಾವ, ನಿವೃತ್ತ ಜನರಲ್ ಚೆತಿನ್ ದೋಆನ್ ಮೇಲೆ ಸೇನಾ ಸಂಚಿನ ಮೊಕದ್ದಮೆ ಹೂಡಿದಾಗ, 2003ರದು ಎನ್ನಲಾದ ಕಡತಗಳಲ್ಲಿ ಆಫೀಸ್ 2007ರೊಂದಿಗೆ ಬಂದ ಕ್ಯಾಲಿಬ್ರಿ ಅಕ್ಷರಶೈಲಿಯ ಗುರುತು ಪತ್ತೆಯಾಯಿತು. ರೋಡ್ರಿಕ್ ಮತ್ತು ಪತ್ನಿ ಪಿನಾರ್ ದೋಆನ್ ಆ ಸಾಕ್ಷ್ಯಗಳ ಹುಳುಕನ್ನು ವರ್ಷಗಟ್ಟಲೆ ಬಿಚ್ಚಿಡುತ್ತಲೇ ಹೋದರು. 2012ರಲ್ಲಿ ಶಿಕ್ಷೆಯಾದ ಆರೋಪಿಗಳು 2015ರಲ್ಲಿ ಖುಲಾಸೆಯಾದರು.

ಭಾರತದ ಕುರಿತು ಅರವಿಂದ ಸುಬ್ರಮಣಿಯನ್ ಜೊತೆ ಬರೆದ ಪ್ರಬಂಧ ನಮ್ಮಲ್ಲಿ ಹೆಚ್ಚು ಜಗಳ ಹುಟ್ಟಿಸಿತು. ಬೆಳವಣಿಗೆ ಚುರುಕಾದದ್ದು 1991ರ ಉದಾರೀಕರಣದಿಂದಲ್ಲ, 1980ರ ಸುಮಾರಿಗೆ ಸರ್ಕಾರ ಇದ್ದ ಉದ್ಯಮಿಗಳ ಕಡೆಗೆ ತೋರಿದ ಮೃದು ಧೋರಣೆಯಿಂದ ಎಂಬುದು ಅವರ ವಾದ. ಮೊದಲಿನ ದಶಕಗಳಲ್ಲಿ ಕಟ್ಟಿದ ಕೈಗಾರಿಕಾ ತಳಹದಿ ಆಗ ಫಲ ಕೊಟ್ಟಿತು ಎಂದೂ ಅವರು ಹೇಳಿದರು. ಎಚ್‌ಎಂಟಿ, ಬಿಇಎಲ್‌ಗಳ ನೆರಳಲ್ಲಿ ಬೆಳೆದ ಬೆಂಗಳೂರಿನವರಿಗೆ ಈ ಮಾತು ಸಲೀಸಾಗಿ ರುಚಿಸುತ್ತದೆ; ಅದೇ ಕಾರಣಕ್ಕೆ ಎಚ್ಚರವೂ ಬೇಕು. ಎಂಬತ್ತರ ದಶಕದ ಬೆಳವಣಿಗೆ ಸಾಲದ ಮೇಲೆ ನಿಂತದ್ದು, ಅದು 1991ರ ಬಿಕ್ಕಟ್ಟಿನಲ್ಲಿ ಮುಗಿಯಿತು ಎಂದು ಅರವಿಂದ ಪನಗಾರಿಯ ಪ್ರತಿವಾದ ಹೂಡಿದರು. ಶುರುವಾದದ್ದು ಹೇಗೆ ಮತ್ತು ಉಳಿದದ್ದು ಹೇಗೆ ಎಂಬ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿದರೆ ಇಬ್ಬರ ಮಾತಿಗೂ ಜಾಗವಿದೆ.

ಜನರಿಗೆ ಹೆಚ್ಚು ಪರಿಚಿತವಾದದ್ದು, 2000ದಲ್ಲಿ ಮಂಡಿಸಿ 2011ರ ಪುಸ್ತಕದಲ್ಲಿ ಬೆಳೆಸಿದ ತ್ರಿವಳಿ ಇಕ್ಕಟ್ಟು: ಪ್ರಜಾಪ್ರಭುತ್ವ, ರಾಷ್ಟ್ರದ ಸಾರ್ವಭೌಮತೆ, ಪೂರ್ಣ ಆರ್ಥಿಕ ಏಕೀಕರಣ, ಈ ಮೂರರಲ್ಲಿ ಎರಡು ಮಾತ್ರ ಒಟ್ಟಿಗೆ ದಕ್ಕುತ್ತವೆ. 2015ರ ಗ್ರೀಸ್ ಜನಮತಗಣನೆಯ ನಂತರ ಈ ಸೂತ್ರ ಎಲ್ಲರ ಬಾಯಲ್ಲಿ ಓಡಾಡಿತು. ಆದರೆ ಇದು ಪ್ರಮೇಯವಲ್ಲ, ಒಳ್ಳೆಯ ರೂಪಕ. ಸ್ಥಿರ ವಿನಿಮಯ ದರ, ಬಂಡವಾಳದ ಮುಕ್ತ ಓಡಾಟ, ಸ್ವತಂತ್ರ ಹಣಕಾಸು ನೀತಿ ಮೂರೂ ಒಟ್ಟಿಗೆ ದಕ್ಕವು ಎನ್ನುವ ಪ್ರಸಿದ್ಧ ತ್ರಿವಳಿಗಿರುವ ಬಿಗಿ ಇದಕ್ಕಿಲ್ಲ; ‘ಪೂರ್ಣ’ ಎಂಬ ಪದವನ್ನು ಎಷ್ಟು ಹಿಗ್ಗಿಸಿದರೆ ಅಷ್ಟು ಸತ್ಯವಾಗುತ್ತದೆ. ಬಿಡಿ ಅಂಕಿಗಳ ಕಾವಲುಗಾರ ಇಲ್ಲಿ ತಾನೇ ಕೊಂಚ ಸಡಿಲ ಬಿಟ್ಟಿದ್ದಾರೆ.

2016ರಲ್ಲಿ ಅವರ ‘ಅಕಾಲಿಕ ಕೈಗಾರಿಕಾ ಇಳಿಮುಖ’ದ ಪ್ರಬಂಧ ಪ್ರಕಟವಾಯಿತು. ಇಂದಿನ ಬಡ ದೇಶಗಳಲ್ಲಿ ಕಾರ್ಖಾನೆಯ ಉದ್ಯೋಗ, ಶ್ರೀಮಂತ ದೇಶಗಳು ಕಂಡ ಎತ್ತರಕ್ಕೆ ಏರುವ ಮೊದಲೇ, ಇನ್ನೂ ಕಡಿಮೆ ಆದಾಯದಲ್ಲಿರುವಾಗಲೇ ಇಳಿಯತೊಡಗುತ್ತದೆ ಎಂಬುದು ಅದರ ತಿರುಳು. ಅದೇ ವರ್ಷ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನಲ್ಲಿ, ಪರದೇಶದ ಅಂಗಡಿಗಳಿಗೆ ಅಂಗಿ ಹೊಲಿಯುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೆದ್ದಾರಿಗೆ ಬಂದರು. ಕೂಲಿ ಹೆಚ್ಚಳ ಅವರ ಬೇಡಿಕೆಯಾಗಿರಲಿಲ್ಲ. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಒಂದು ಕಾರ್ಖಾನೆ ಬಿಟ್ಟು ಇನ್ನೊಂದು ಸೇರುವ ನಡುವಿನ ದಿನಗಳಿಗೆ, ಮಗಳ ಮದುವೆಗೆ, ಆಸ್ಪತ್ರೆಗೆ ಅವರಿಗಿದ್ದ ಗಂಟು ಅದೊಂದೇ. 1998ರ ಪ್ರಬಂಧದ ವಿಮೆ ಅವರ ಪಾಲಿಗೆ ಪಿಎಫ್ ಖಾತೆಯ ರೂಪದಲ್ಲಿತ್ತು. 19ರ ಸಂಜೆಯೊಳಗೆ ಕೇಂದ್ರ ಸರ್ಕಾರ ನಿಯಮ ವಾಪಸು ಪಡೆಯಿತು.