ಹಡಗು ಕಾಯುವವನ ಕಾಗದ

ಯುದ್ಧದ ಇತಿಹಾಸಕಾರರು ರಣರಂಗದ ದಿನಗಳನ್ನು ಎಣಿಸುತ್ತಾರೆ. ಅದಕ್ಕೂ ಮುನ್ನ ಬಂದರಿನ ಬಿಡಾರದಲ್ಲಿ ಸಿಪಾಯಿ ಕಳೆದ ದಿನಗಳು ಅವರ ಲೆಕ್ಕಕ್ಕೆ ಸಿಗುವುದಿಲ್ಲ. ಮನೆಯವರಿಗೆ ಮಹತ್ತ್ವದ ಕಾಗದ ಹೊರಡುವುದು ಆ ದಿನಗಳಲ್ಲಿಯೇ.

ಆಳಂದ, ಅಫಜಲಪುರ, ಜೇವರ್ಗಿಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. 1914ರಲ್ಲಿ ಆ ಸಂಸ್ಥಾನದ ಲ್ಯಾನ್ಸರ್ ಕುದುರೆಪಡೆ ಮೈಸೂರಿನ ಪಡೆಯ ಜೊತೆಗೂಡಿ ಈಜಿಪ್ತಿಗೆ ಹೋಗಿ, ಸುಯೆಜ್ ಕಾಲುವೆಯ ಕಾವಲಿಗೆ ನಿಂತಿತು. ದಿಲ್ಲಿಯ ತೀನ್ ಮೂರ್ತಿಯಲ್ಲಿ ಹೈದರಾಬಾದು, ಮೈಸೂರು, ಜೋಧಪುರಗಳ ಹೆಸರಿನಲ್ಲಿ ಮೂರು ಪ್ರತಿಮೆಗಳಿವೆ. ‘ಹೈದರಾಬಾದ್ ರೆಜಿಮೆಂಟ್’ ಎಂಬ ಇನ್ನೊಂದು ಹೆಸರು ಮಾತ್ರ ನಮ್ಮವರನ್ನು ಮೋಸಗೊಳಿಸುತ್ತದೆ. ಅದು ಬ್ರಿಟಿಷರ ಸೇನೆಯದು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅದರಲ್ಲಿದ್ದವರು ಹೆಚ್ಚಾಗಿ ಕುಮಾವೂನಿಗಳು, ಜಾಟರು, ಅಹೀರರು. 1945ರಲ್ಲಿ ಅದು ಕುಮಾವೂನ್ ರೆಜಿಮೆಂಟ್ ಆಯಿತು. ಕೊಡಗಿನ ತಿಮ್ಮಯ್ಯನವರು ಅದೇ ರೆಜಿಮೆಂಟಿನಿಂದ ಬಂದವರೆಂಬುದು ಬೇರೆ ಮಾತು.

ಕಾಗದಕ್ಕೆ ಬರೋಣ. ನಮ್ಮ ಸೀಮೆಯಲ್ಲಿ ಮನೆಯ ಮಾತು ಕನ್ನಡ, ಸರ್ಕಾರದ ಬರಹ ಉರ್ದು. ಅಕ್ಷರ ಬಾರದ ಸಿಪಾಯಿ ಮುನ್ಷಿಯ ಮುಂದೆ ಕುಳಿತು ಹೇಳಬೇಕು. ಮುನ್ಷಿ ತನಗೆ ಒಗ್ಗಿದ ಸಲಾಮು, ದುವಾಗಳಲ್ಲಿ ಅದನ್ನು ಬರೆಯಬೇಕು. ಊರಿನಲ್ಲಿ ಓದು ಬಲ್ಲವನೊಬ್ಬ ಮತ್ತೆ ಕನ್ನಡದಲ್ಲಿ ಅದನ್ನು ಹೇಳಬೇಕು. ಹೆಂಡತಿಯ ಕಿವಿಗೆ ಬೀಳುವ ಹೊತ್ತಿಗೆ ಗಂಡನ ಮಾತು ಇಬ್ಬರ ಬಾಯಿ ದಾಟಿರುತ್ತದೆ. ಮೂವರ ನಡುವೆ ಹೇಳಬಾರದ ಮಾತನ್ನು ಅವನು ಹೇಗೆ ಹೇಳಿಯಾನು? ಹೊಲ, ಸಾಲ, ಎತ್ತು, ತಂಗಿಯ ಮದುವೆ ಇವನ್ನು ಕೇಳುವುದೇ ಅವನಿಗೆ ಉಳಿದ ದಾರಿ. ಇಂಥ ಕಾಗದಗಳನ್ನು ಶುಷ್ಕವೆನ್ನುವ ವಿದ್ವಾಂಸರ ಮಾತನ್ನು ನಾನು ಒಪ್ಪಲಾರೆ.

ಮೇಲೆ ಸೆನ್ಸಾರಿನ ಕಣ್ಣು. ಮೊದಲ ಯುದ್ಧದಲ್ಲಿ ಫ್ರಾನ್ಸಿನ ಬೂಲೋನ್ ಪಟ್ಟಣದಲ್ಲಿ ಭಾರತೀಯ ಸಿಪಾಯಿಗಳ ಕಾಗದಗಳನ್ನು ಓದಲೆಂದೇ ಒಂದು ಕಚೇರಿ ಇತ್ತು. ಅದನ್ನರಿತ ಸಿಪಾಯಿಗಳು ಭಾರತೀಯರಿಗೆ ಕರಿಮೆಣಸೆಂದೂ ಬಿಳಿಯರಿಗೆ ಕೆಂಪು ಮೆಣಸೆಂದೂ ಗುಟ್ಟಿನ ಹೆಸರಿಟ್ಟುಕೊಂಡಿದ್ದರು. ಆ ಕಚೇರಿಯವರು ಇಂಗ್ಲಿಷಿಗೆ ತಿರುಗಿಸಿಕೊಂಡ ತುಣುಕುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ; ಅವುಗಳಲ್ಲಿ ಹೆಚ್ಚಾಗಿ ಕೇಳುವುದು ಪಂಜಾಬಿನ, ವಾಯವ್ಯ ಗಡಿಯ ದನಿ. ಇತಿಹಾಸಕ್ಕೆ ಸಾಕ್ಷಿ ಒದಗಿದ್ದು ಗೂಢಚಾರಿಕೆಯಿಂದ!

ಅಫಜಲಪುರದವರಿಗೆ ಗಾಣಗಾಪುರ ರಸ್ತೆ, ಜೇವರ್ಗಿಯವರಿಗೆ ಕಲಬುರಗಿ. ಅಲ್ಲಿ ರೈಲು ಹತ್ತಿದರೆ ಮುಂಬಯಿ ಬಂದರು. ಕಾಗದದ ಹಾದಿ ಅಷ್ಟು ನೇರವಲ್ಲ. ನಿಜಾಮರಿಗೆ ತಮ್ಮದೇ ಅಂಚೆ, ತಮ್ಮದೇ ಚೀಟಿ. ಬ್ರಿಟಿಷರ ಟಪಾಲು ಬೇರೆ. ಉತ್ತರ ಬರೆಸಿ ಕಳುಹಿಸುವಷ್ಟರಲ್ಲಿ ಹಡಗು ಬಿಟ್ಟಿದ್ದರೆ, ಸೇನೆಯ ಅಂಚೆಯವರು ಅದನ್ನು ಮತ್ತೊಂದು ಹಡಗಿಗೆ ಏರಿಸಬೇಕು. ಅದರ ಮೇಲೆ ಸಿಪಾಯಿಯ ನಂಬರು, ಹೆಸರು, ಪಡೆಯ ಹೆಸರು ಇರುತ್ತಿದ್ದವು. ಊರಿನ ಹೆಸರಿಗೆ ಜಾಗವಿರಲಿಲ್ಲ.