ವಿಮಾನಯಾನ ನಿರ್ವಹಣೆಯಲ್ಲಿ ಬಿ.ಬಿ.ಎ. ಪದವಿ: ಉಡುಪಿ ಜಿಲ್ಲೆಯ ಅಭ್ಯರ್ಥಿಗಳಿಗೆ ಮಾಹಿತಿ

ದ್ವಿತೀಯ ಪಿ.ಯು.ಸಿ. ತೇರ್ಗಡೆಯಾದ ವಿದ್ಯಾರ್ಥಿಗಳಿಗೆ ವಿಮಾನಯಾನ ವಿಷಯಗಳನ್ನು ಒಳಗೊಂಡ ಬಿ.ಬಿ.ಎ. ಪದವಿ ಶಿಕ್ಷಣವು ಇತ್ತೀಚಿನ ವರ್ಷಗಳಲ್ಲಿ ಕರಾವಳಿ ಭಾಗದಲ್ಲಿಯೂ ದೊರೆಯುತ್ತಿದೆ. ಉಡುಪಿ, ಮಣಿಪಾಲ, ಕಾಪು ಹಾಗೂ ಕಾರ್ಕಳ ಪ್ರದೇಶಗಳ ಪೋಷಕರು ಮತ್ತು ವಿದ್ಯಾರ್ಥಿಗಳು ಪ್ರವೇಶಕ್ಕೆ ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ನೀಡಲಾಗಿದೆ.

ಪದವಿಯ ಸ್ವರೂಪ

ಇದು ಮೂಲತಃ ವ್ಯವಹಾರ ನಿರ್ವಹಣೆಯ ಪದವಿ. ಲೆಕ್ಕಶಾಸ್ತ್ರ, ಮಾರುಕಟ್ಟೆ ನಿರ್ವಹಣೆ, ಮಾನವ ಸಂಪನ್ಮೂಲ ಮುಂತಾದ ಸಾಮಾನ್ಯ ವಿಷಯಗಳ ಜೊತೆಗೆ ವಿಮಾನ ನಿಲ್ದಾಣದ ಕಾರ್ಯನಿರ್ವಹಣೆ, ಟಿಕೆಟ್ ಮತ್ತು ದರ ನಿಗದಿ, ಸರಕು ಸಾಗಣೆ, ಸುರಕ್ಷತೆ ಹಾಗೂ ವಿಮಾನಯಾನ ಕಾನೂನುಗಳನ್ನು ಬೋಧಿಸಲಾಗುತ್ತದೆ. ವಿಮಾನ ಹಾರಿಸುವುದನ್ನಾಗಲಿ, ದುರಸ್ತಿ ಮಾಡುವುದನ್ನಾಗಲಿ ಈ ಪದವಿಯಲ್ಲಿ ಕಲಿಸುವುದಿಲ್ಲ. ಜಾಹೀರಾತುಗಳಲ್ಲಿ ಕಾಣುವ ಪೈಲಟ್ ಸಮವಸ್ತ್ರದ ಚಿತ್ರವನ್ನು ನೋಡಿ ಪ್ರವೇಶ ಪಡೆದವರು ನಂತರ ನಿರಾಶರಾಗುವುದುಂಟು. ಆದ್ದರಿಂದ ಯಾವ ಹುದ್ದೆಗೆ ಯಾವ ವಿದ್ಯಾರ್ಹತೆ ಬೇಕೆಂಬುದನ್ನು ಮೊದಲೇ ತಿಳಿಯುವುದು ಅವಶ್ಯಕ.

ವಾಣಿಜ್ಯ ಪೈಲಟ್ ಪರವಾನಗಿಯನ್ನು ಡಿ.ಜಿ.ಸಿ.ಎ. ಎಂದು ಪರಿಚಿತವಾಗಿರುವ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ನೀಡುತ್ತದೆ. ಇದಕ್ಕೆ ಪದವಿಯ ಅಗತ್ಯವಿಲ್ಲ. 18 ವರ್ಷ ವಯಸ್ಸು, ಭೌತಶಾಸ್ತ್ರ ಮತ್ತು ಗಣಿತದೊಂದಿಗೆ ಪಿ.ಯು.ಸಿ., ನಿಗದಿತ ವೈದ್ಯಕೀಯ ಅರ್ಹತೆ ಹಾಗೂ 200 ಗಂಟೆಗಳ ಹಾರಾಟ ಇವು ಮುಖ್ಯ ಷರತ್ತುಗಳು. ವಾಣಿಜ್ಯ ವಿಭಾಗದಲ್ಲಿ ಓದಿದವರು ಈ ಎರಡು ವಿಷಯಗಳನ್ನು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಪೂರೈಸಿಕೊಳ್ಳಬಹುದು. ವಿಷಯಗಳ ಷರತ್ತನ್ನು ಸಡಿಲಿಸುವ ಪ್ರಸ್ತಾಪವು 2025ರಲ್ಲಿ ಚರ್ಚೆಗೆ ಬಂದಿರುವುದರಿಂದ ಚಾಲ್ತಿಯಲ್ಲಿರುವ ನಿಯಮವನ್ನು ಡಿ.ಜಿ.ಸಿ.ಎ. ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ವಿಮಾನ ನಿರ್ವಹಣಾ ಇಂಜಿನಿಯರ್ ಪರವಾನಗಿಗೆ ಡಿ.ಜಿ.ಸಿ.ಎ. ಮಾನ್ಯತೆ ಪಡೆದ ತರಬೇತಿ ಸಂಸ್ಥೆಗಳಿವೆ. ವಿಮಾನ ಸಂಚಾರ ನಿಯಂತ್ರಕರನ್ನು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ನೇಮಿಸಿಕೊಳ್ಳುತ್ತಿದ್ದು, ಭೌತಶಾಸ್ತ್ರ ಮತ್ತು ಗಣಿತ ಓದಿದ ವಿಜ್ಞಾನ ಪದವೀಧರರು ಅಥವಾ ಇಂಜಿನಿಯರಿಂಗ್ ಪದವೀಧರರು ಮಾತ್ರ ಅರ್ಹರು, ಬಿ.ಬಿ.ಎ. ಪದವೀಧರರಿಗೆ ಇಲ್ಲಿ ಅವಕಾಶವಿಲ್ಲ. ಗಗನಸಖಿ ಹಾಗೂ ಇತರ ಕ್ಯಾಬಿನ್ ಸಿಬ್ಬಂದಿ ಹುದ್ದೆಗಳಿಗೆ ಸಾಮಾನ್ಯವಾಗಿ ಪಿ.ಯು.ಸಿ. ಸಾಕಾಗುತ್ತದೆ.

ಮಣಿಪಾಲ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಲಭ್ಯವಿರುವ ಏರೋನಾಟಿಕಲ್ ಶಿಕ್ಷಣವು ಇಂಜಿನಿಯರಿಂಗ್ ಪದವಿಯಾಗಿದ್ದು, ವಿಮಾನಗಳ ವಿನ್ಯಾಸ ಮತ್ತು ರಚನೆಗೆ ಸಂಬಂಧಿಸಿದೆ. ಹೆಸರಿನ ಸಾಮ್ಯದಿಂದ ಇದನ್ನೂ ಬಿ.ಬಿ.ಎ. ಪದವಿಯನ್ನೂ ಒಂದೇ ಎಂದು ಭಾವಿಸಬಾರದು.

ಉದ್ಯೋಗಾವಕಾಶಗಳು

ಉಡುಪಿ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಜಿಲ್ಲೆಯ ಜನತೆಗೆ ಹತ್ತಿರದ್ದು ದಕ್ಷಿಣ ಕನ್ನಡದ ಬಜಪೆಯಲ್ಲಿ 1951ರಲ್ಲಿ ಪ್ರಾರಂಭವಾದ ಮಂಗಳೂರು ವಿಮಾನ ನಿಲ್ದಾಣ. ಶಿರ್ವ, ಕಾಪು, ಕಾರ್ಕಳ ಕಡೆಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದ ಕುಟುಂಬಗಳಿಗೆ ಇದು ಚಿರಪರಿಚಿತ. 2012ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ನಿಲ್ದಾಣದ ಸ್ಥಾನ ದೊರೆಯಿತು. 2020ರ ಅಕ್ಟೋಬರ್ 31ರಂದು ನಿಲ್ದಾಣದ ನಿರ್ವಹಣೆಯು ಅದಾನಿ ಸಮೂಹಕ್ಕೆ ಹಸ್ತಾಂತರವಾಯಿತು. ಸಂಚಾರ ನಿಯಂತ್ರಣವು ಪ್ರಾಧಿಕಾರದಲ್ಲಿಯೇ ಉಳಿದಿದೆ. ಇದರ ಪರಿಣಾಮವಾಗಿ ನಿಲ್ದಾಣದ ಬಹುಪಾಲು ಕೆಲಸಗಳು ಖಾಸಗಿ ಸಂಸ್ಥೆಗಳ, ವಿಮಾನಯಾನ ಕಂಪನಿಗಳ ಹಾಗೂ ಅವುಗಳ ಗುತ್ತಿಗೆದಾರರ ನೇಮಕಾತಿಗೆ ಒಳಪಟ್ಟಿವೆ. "ಏರ್‌ಪೋರ್ಟ್ ಕೆಲಸವೆಂದರೆ ಸರ್ಕಾರಿ ಕೆಲಸ" ಎಂಬ ಹಳೆಯ ನಂಬಿಕೆ ಈಗ ಹೊಂದುವುದಿಲ್ಲ.

ಬಿ.ಬಿ.ಎ. ಪದವೀಧರರು ಪ್ರಯಾಣಿಕರ ಸೇವಾ ಕೌಂಟರ್, ಸಾಮಾನು ವಿಭಾಗ, ವಿಮಾನ ನಿಲುಗಡೆ ಸ್ಥಳದ ಸಮನ್ವಯ, ಟಿಕೆಟ್ ಮಾರಾಟ, ಟ್ರಾವೆಲ್ ಏಜೆನ್ಸಿ, ಕಂಪನಿಗಳ ಕಚೇರಿ ಆಡಳಿತ ಮತ್ತು ಸರಕು ವಿಭಾಗಗಳಲ್ಲಿ ಕೆಲಸ ಪಡೆಯಬಹುದು. ಇವುಗಳಲ್ಲಿ ಸರಕು ವಿಭಾಗದ ಕಡೆಗೆ ವಿದ್ಯಾರ್ಥಿಗಳ ಗಮನ ಅಷ್ಟಾಗಿ ಹರಿದಿಲ್ಲ. ಕಾಪು ತಾಲ್ಲೂಕಿನ ಶಂಕರಪುರ ಪರಿಸರದಲ್ಲಿ ಬೆಳೆಯುವ, ಭೌಗೋಳಿಕ ಸೂಚಿ ಪಡೆದಿರುವ ಉಡುಪಿ ಮಲ್ಲಿಗೆಗೆ ಮುಂಬಯಿಯಲ್ಲಿಯೂ ಕೊಲ್ಲಿ ರಾಷ್ಟ್ರಗಳಲ್ಲಿಯೂ ಬೇಡಿಕೆಯಿದೆ. ಬೆಳಿಗ್ಗೆ ಕೊಯ್ದ ಮೊಗ್ಗು ಬಾಡುವ ಮೊದಲು ತಲುಪಬೇಕಾದರೆ ತೂಕ, ಬಾಡಿಗೆ, ದಾಖಲೆ, ಸುಂಕದ ವಿಧಿವಿಧಾನಗಳನ್ನು ಬಲ್ಲವರು ಬೇಕು. ಇಂತಹ ಕೆಲಸವನ್ನು ವಿಮಾನ ನಿಲ್ದಾಣದಲ್ಲಷ್ಟೇ ಅಲ್ಲ, ರಫ್ತುದಾರರು ಹಾಗೂ ಕಸ್ಟಮ್ಸ್ ಏಜೆಂಟರ ಕಚೇರಿಗಳಲ್ಲಿಯೂ ಮಾಡಬಹುದು. ಅಪಾಯಕಾರಿ ಸರಕುಗಳ ನಿರ್ವಹಣೆಗೆ ಪ್ರತ್ಯೇಕ ತರಬೇತಿ ಕಡ್ಡಾಯವಾಗಿದ್ದು, ಅದನ್ನು 24 ತಿಂಗಳಿಗೊಮ್ಮೆ ನವೀಕರಿಸಬೇಕಾಗುತ್ತದೆ.

ನಿಲ್ದಾಣದ ಕೆಲಸವು ಪಾಳಿಯಲ್ಲಿ ನಡೆಯುತ್ತದೆ. ನಸುಕಿನ ಪಾಳಿಗೆ ಕಾರ್ಕಳದಿಂದಾಗಲಿ ಉಡುಪಿಯಿಂದಾಗಲಿ ಬಸ್ ಹಿಡಿದು ಸಮಯಕ್ಕೆ ತಲುಪುವುದು ಕಷ್ಟಸಾಧ್ಯ. ಬಾಡಿಗೆ ಕೊಠಡಿಯ ವೆಚ್ಚವನ್ನು ಆರಂಭದ ಸಂಬಳದಿಂದಲೇ ಭರಿಸಬೇಕಾಗುವುದು. ಹೆಚ್ಚಿನ ಅವಕಾಶಗಳು ಬೆಂಗಳೂರಿನಲ್ಲಿರುವುದರಿಂದ ಊರು ಬಿಡುವ ಸಿದ್ಧತೆಯೂ ಇರಬೇಕು.

ಈ ಉದ್ಯಮದ ಏರಿಳಿತವನ್ನೂ ಪರಿಗಣಿಸತಕ್ಕದ್ದು. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದವು. 2020ರ ಮಾರ್ಚ್ ಅಂತ್ಯದಿಂದ ಎರಡು ತಿಂಗಳ ಕಾಲ ದೇಶದೊಳಗಿನ ಪ್ರಯಾಣಿಕ ವಿಮಾನ ಸಂಚಾರ ಸ್ಥಗಿತಗೊಂಡಿತ್ತು. ಆದರೆ ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಬಿ.ಬಿ.ಎ. ಪದವಿಯುಳ್ಳವರು ಬ್ಯಾಂಕ್ ನೇಮಕಾತಿ, ಯಾವುದೇ ಪದವಿಯನ್ನು ಅರ್ಹತೆಯಾಗಿ ಕೇಳುವ ಸರ್ಕಾರಿ ಪರೀಕ್ಷೆಗಳು ಹಾಗೂ ಎಂ.ಬಿ.ಎ. ಪ್ರವೇಶಕ್ಕೆ ಅರ್ಜಿ ಸಲ್ಲಿಸಬಹುದು. ಖಾಸಗಿ ಅಕಾಡೆಮಿಗಳ ಅಲ್ಪಾವಧಿ ಡಿಪ್ಲೊಮಾಗೆ ಈ ಅನುಕೂಲವಿಲ್ಲ.

ಮಾನ್ಯತೆಯ ಪರಿಶೀಲನೆ

ಪದವಿ ನೀಡುವ ಅಧಿಕಾರ ವಿಶ್ವವಿದ್ಯಾಲಯಕ್ಕೆ ಮಾತ್ರ ಇರುತ್ತದೆ. ಜಿಲ್ಲೆಯ ಪದವಿ ಕಾಲೇಜುಗಳಲ್ಲಿ ಹೆಚ್ಚಿನವು 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿವೆ. ಮಣಿಪಾಲ ಮತ್ತು ನಿಟ್ಟೆಯಲ್ಲಿ ಪರಿಗಣಿತ ವಿಶ್ವವಿದ್ಯಾಲಯಗಳಿವೆ. ಅಂಕಪಟ್ಟಿಯನ್ನು ಯಾವ ವಿಶ್ವವಿದ್ಯಾಲಯ ನೀಡುತ್ತದೆ, ಆ ಕಾಲೇಜಿನ ಆ ವಿಷಯಕ್ಕೆ ಪ್ರಸ್ತುತ ಸಾಲಿನ ಸಂಯೋಜನಾ ಆದೇಶವಿದೆಯೇ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಬಹುದು. 2024-25ನೇ ಸಾಲಿನಿಂದ ಬಿ.ಬಿ.ಎ. ಶಿಕ್ಷಣವು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ವ್ಯಾಪ್ತಿಗೂ ಬಂದಿದೆ. ಅದೇ ಸಾಲಿನಿಂದ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಪದವಿಯ ಅವಧಿ ಮತ್ತೆ ಮೂರು ವರ್ಷಗಳಾಗಿದೆ.

ಮೂಲ ಅಂಕಪಟ್ಟಿಗಳನ್ನು ಕಾಲೇಜಿನವರು ಪರಿಶೀಲಿಸಿ ಹಿಂದಿರುಗಿಸತಕ್ಕದ್ದು. ಅವುಗಳನ್ನು ಇಟ್ಟುಕೊಳ್ಳಲು ಅವಕಾಶವಿಲ್ಲವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಅಧಿಸೂಚನೆ ಹೊರಡಿಸಿದೆ. ಉದ್ಯೋಗದ ಭರವಸೆ ನೀಡುವ ಸಂಸ್ಥೆಯಿಂದ ಹಿಂದಿನ ಸಾಲಿನ ವಿದ್ಯಾರ್ಥಿಗಳು ಯಾವ ಹುದ್ದೆಗೆ, ಎಷ್ಟು ಸಂಬಳಕ್ಕೆ ಸೇರಿದರೆಂಬ ವಿವರವನ್ನು ಕೇಳುವುದು ಸೂಕ್ತ.

ಅಗತ್ಯ ದಾಖಲೆಗಳು ಮತ್ತು ಆರ್ಥಿಕ ನೆರವು

ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ಆಯಾ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಸಲ್ಲಿಸಲು ಇವು ಅವಶ್ಯಕ. ಶೈಕ್ಷಣಿಕ ಸಾಲಕ್ಕೆ ವಿದ್ಯಾಲಕ್ಷ್ಮಿ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ಬ್ಯಾಂಕುಗಳ ಮಾದರಿ ಯೋಜನೆಯಂತೆ ವ್ಯಾಸಂಗ ಮುಗಿದ ಒಂದು ವರ್ಷದ ನಂತರ ಮರುಪಾವತಿ ಆರಂಭವಾಗುತ್ತದೆ. ಮಾನ್ಯತೆಯಿಲ್ಲದ ಕೋರ್ಸಿಗೆ ಈ ಯೋಜನೆಯ ಸಾಲ ದೊರೆಯುವುದಿಲ್ಲ. ಶುಲ್ಕ ಕಟ್ಟುವ ಮುನ್ನ ಬ್ಯಾಂಕಿನಲ್ಲಿ ವಿಚಾರಿಸಿದರೆ ಮಾನ್ಯತೆಯ ಬಗ್ಗೆಯೂ ಸುಳಿವು ಸಿಗುತ್ತದೆ.

ವಿಮಾನ ನಿಲ್ದಾಣದೊಳಗೆ ಕೆಲಸ ಮಾಡುವವರಿಗೆ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ಪ್ರವೇಶ ಪರವಾನಗಿ ಬೇಕು. ಉದ್ಯೋಗದಾತರ ಮೂಲಕ ಪಡೆಯಬೇಕಾದ ಈ ಪರವಾನಗಿಗೆ ಪೊಲೀಸ್ ಪರಿಶೀಲನೆ ನಡೆಯುತ್ತದೆ. ಕರಾವಳಿಯಲ್ಲಿ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಕೇವಲ ಹೆಸರು, ಆಧಾರ್‌ನಲ್ಲಿ ಕುಲನಾಮ, ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರೂ ಸೇರಿರುವುದು ಸಾಮಾನ್ಯ. ಇಂತಹ ವ್ಯತ್ಯಾಸವನ್ನು ಅಂತಿಮ ವರ್ಷಕ್ಕೆ ಮುನ್ನವೇ ಸರಿಪಡಿಸಿಕೊಳ್ಳದಿದ್ದಲ್ಲಿ ಆಯ್ಕೆಯಾದ ನಂತರವೂ ಕೆಲಸಕ್ಕೆ ಸೇರುವುದು ವಿಳಂಬವಾಗುತ್ತದೆ. ವಿದೇಶದ ವಿಮಾನ ನಿಲ್ದಾಣಗಳಲ್ಲಿ ಕೆಲಸ ಕೊಡಿಸುವುದಾಗಿ ಹೇಳುವ ಏಜೆಂಟರು ನೋಂದಾಯಿತರೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸದೆ ಹಣ ನೀಡಬಾರದು.