ಸಾಹಿತ್ಯ ಕೃತಿಯ ಆಶಯ: ಅರಿಯುವ ಮತ್ತು ಗುರುತಿಸುವ ಬಗೆ

ಕಥೆಯನ್ನೋ ಕಾದಂಬರಿಯನ್ನೋ ಓದಿ ಮುಗಿಸಿದವರನ್ನು ‘ಅದರಲ್ಲಿ ಏನಿದೆ?’ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ಕೆಲವರು ನಡೆದ ಸಂಗತಿಗಳನ್ನು ಕ್ರಮವಾಗಿ ಹೇಳುತ್ತಾರೆ. ಮತ್ತೆ ಕೆಲವರು ‘ಇದು ಜಾತಿಪದ್ಧತಿಯ ಕುರಿತದ್ದು’, ‘ಇದು ತಾಯಿಯ ಪ್ರೀತಿಯ ಕುರಿತದ್ದು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಮೊದಲನೆಯದು ಕಥಾನಕ, ಎರಡನೆಯದು ವಿಷಯ. ಇವೆರಡೂ ಕೃತಿಯ ಆಶಯವಲ್ಲ. ಆ ವಿಷಯದ ಬಗ್ಗೆ ಕೃತಿಯು ತನ್ನ ಒಟ್ಟು ರಚನೆಯ ಮೂಲಕ ಏನನ್ನು ಹೇಳುತ್ತದೆಯೋ ಅಥವಾ ಯಾವ ಪ್ರಶ್ನೆಯನ್ನು ಎತ್ತುತ್ತದೆಯೋ ಅದೇ ಆಶಯ. ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ನಮ್ಮ ಮಕ್ಕಳು ‘ಥೀಮ್’ ಎಂದು ಕಲಿಯುವುದು ಇದನ್ನೇ.

ಕನ್ನಡದಲ್ಲಿ ಇದಕ್ಕೆ ವಸ್ತು, ಆಶಯ, ತಿರುಳು, ತಾತ್ಪರ್ಯ ಎಂಬ ಹಲವು ಪದಗಳಿವೆ. ‘ವಸ್ತು’ ಎಂಬ ಪದವು ವಿಷಯಕ್ಕೂ ಆಶಯಕ್ಕೂ ಬಳಕೆಯಾಗುವುದರಿಂದ ಗೊಂದಲವಾಗುತ್ತದೆ. ಜಾನಪದ ಅಧ್ಯಯನದಲ್ಲಿ ಕಥೆಯಿಂದ ಕಥೆಗೆ ಮರುಕಳಿಸುವ ಚಿಕ್ಕ ಘಟಕವನ್ನೂ ‘ಆಶಯ’ ಎಂದೇ ಕರೆಯುವ ರೂಢಿಯಿದೆ. ಈ ಲೇಖನದಲ್ಲಿ ‘ವಿಷಯ’ ಎಂದರೆ ಕೃತಿಯು ಮುಟ್ಟುವ ಕ್ಷೇತ್ರ, ‘ಆಶಯ’ ಎಂದರೆ ಆ ಕ್ಷೇತ್ರದಲ್ಲಿ ಕೃತಿಯು ಕಾಣಿಸುವ ಅರ್ಥ ಎಂದು ಇಟ್ಟುಕೊಳ್ಳೋಣ.

ನಮ್ಮ ಪರಂಪರೆಯಲ್ಲೇ ಇರುವ ಅಳತೆಗೋಲು

ಆಶಯವನ್ನು ಗುರುತಿಸುವ ಕಲೆ ಪಶ್ಚಿಮದಿಂದ ಬಂದದ್ದು ಎಂಬ ಭಾವನೆ ಹಲವರಲ್ಲಿದೆ. ಆದರೆ ಒಂದು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸುವುದು ಹೇಗೆ ಎಂಬ ಪ್ರಶ್ನೆಯನ್ನು ನಮ್ಮ ಮೀಮಾಂಸಕರೂ ವೇದಾಂತಿಗಳೂ ಬಹು ಹಿಂದೆಯೇ ಎತ್ತಿಕೊಂಡಿದ್ದರು. ಅದಕ್ಕಾಗಿ ಅವರು ಆರು ಗುರುತುಗಳನ್ನು ಹೇಳಿದ್ದಾರೆ. ಇವುಗಳಿಗೆ ತಾತ್ಪರ್ಯಲಿಂಗಗಳೆಂದು ಹೆಸರು. ಅವು ಹೀಗಿವೆ:

1. ಉಪಕ್ರಮ ಮತ್ತು ಉಪಸಂಹಾರ: ಆರಂಭ ಹಾಗೂ ಮುಕ್ತಾಯಗಳ ಹೊಂದಾಣಿಕೆ.
2. ಅಭ್ಯಾಸ: ಮತ್ತೆ ಮತ್ತೆ ಬರುವ ಮಾತು.
3. ಅಪೂರ್ವತೆ: ಬೇರೆಡೆ ದೊರೆಯದ ಹೊಸತು.
4. ಫಲ: ಅದರಿಂದ ದೊರೆಯುವ ಪ್ರಯೋಜನ.
5. ಅರ್ಥವಾದ: ಹೊಗಳಿಕೆ ಹಾಗೂ ನಿಂದೆ.
6. ಉಪಪತ್ತಿ: ಯುಕ್ತಿ, ಅಂದರೆ ಕಾರಣಗಳ ಸರಣಿ.

ಇವು ವೇದವಾಕ್ಯಗಳ ಅರ್ಥನಿರ್ಣಯಕ್ಕೆಂದು ರೂಪುಗೊಂಡವು. ಆದರೂ ಕಾವ್ಯವನ್ನು ಸಮಗ್ರವಾಗಿ ಕಂಡು ಅದರ ತಾತ್ಪರ್ಯವನ್ನು ಹೇಳುವ ಕ್ರಮವೂ ನಮ್ಮಲ್ಲಿ ಹಳೆಯದೇ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದ ಕೊನೆಯ ಭಾಗದಲ್ಲಿ ಮಹಾಭಾರತವನ್ನು ಚರ್ಚಿಸುತ್ತಾನೆ. ಅಷ್ಟೊಂದು ಯುದ್ಧ, ಅಷ್ಟೊಂದು ವೀರವಿದ್ದರೂ ಅದರ ಪ್ರಧಾನ ರಸ ಶಾಂತ ಎಂಬುದು ಅವನ ನಿಲುವು. ವೃಷ್ಣಿಗಳ ಹಾಗೂ ಪಾಂಡವರ ವಿಷಾದಕರ ಅವಸಾನದಲ್ಲಿ ಕೃತಿಯು ಮುಗಿಯುವುದನ್ನು ಅವನು ಇದಕ್ಕೆ ಆಧಾರವಾಗಿ ತೋರಿಸುತ್ತಾನೆ. ಪುಟಗಳ ಸಂಖ್ಯೆಯಲ್ಲಿ ಹೆಚ್ಚಿರುವುದೇ ಆಶಯವಲ್ಲ, ಕೃತಿಯು ಎಲ್ಲಿಗೆ ತಲುಪಿಸುತ್ತದೆ ಎಂಬುದು ಮುಖ್ಯ ಎಂಬ ತಿಳಿವು ಇಲ್ಲಿದೆ. ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ರಚಿಸಿದ ಗ್ರಂಥದ ಹೆಸರೇ ‘ಮಹಾಭಾರತ ತಾತ್ಪರ್ಯ ನಿರ್ಣಯ’.

ಒಂದು ಪರೀಕ್ಷೆ: ‘ಚೋಮನ ದುಡಿ’

ಈ ಆರು ಗುರುತುಗಳನ್ನು ಆಧುನಿಕ ಕಾದಂಬರಿಗೆ ಅನ್ವಯಿಸಿ ನೋಡಬಹುದು. ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಪ್ರಕಟವಾಯಿತು. ಬಿ. ವಿ. ಕಾರಂತರು ಅದನ್ನು 1975ರಲ್ಲಿ ಚಲನಚಿತ್ರವಾಗಿಸಿದರು. ಚಿತ್ರಕ್ಕೆ ಸ್ವರ್ಣಕಮಲವೂ ಚೋಮನಾಗಿ ನಟಿಸಿದ ಎಂ. ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ದೊರೆತವು. ‘ಅದು ಅಸ್ಪೃಶ್ಯತೆಯ ಕುರಿತ ಕಾದಂಬರಿ’ ಎಂಬುದು ಎಲ್ಲರೂ ಹೇಳುವ ಮಾತು. ಆ ಮಾತು ಸುಳ್ಳಲ್ಲ, ಆದರೆ ಅದು ವಿಷಯ ಮಾತ್ರ.

ಉಪಕ್ರಮ ಮತ್ತು ಉಪಸಂಹಾರಗಳನ್ನು ನೋಡಿ. ಕಾದಂಬರಿಯ ಆರಂಭದ ಪುಟಗಳಲ್ಲಿಯೇ ಚೋಮನ ಗುಡಿಸಲಿನಿಂದ ದುಡಿಯ ಧ್ವನಿ ಕೇಳಿಸುತ್ತದೆ, ಕೊನೆಯಲ್ಲಿಯೂ ದುಡಿಯೇ ಇದೆ. ಆರಂಭದಲ್ಲಿ ಮಕ್ಕಳಿಂದ ತುಂಬಿದ ಮನೆ. ದುಡಿ ಆ ದುಡಿದ ಜೀವದ ಆಯಾಸವನ್ನೂ ಆಸೆಯನ್ನೂ ನುಡಿಯುತ್ತದೆ. ಕೊನೆಯಲ್ಲಿ ಬಾಗಿಲು ಮುಚ್ಚಿದ ಗುಡಿಸಲು, ಅದರೊಳಗೆ ಒಬ್ಬನೇ ಚೋಮ. ವಾದ್ಯ ಒಂದೇ, ನಡುವೆ ಕಳೆದುಹೋದದ್ದು ಒಂದು ಸಂಸಾರ. ಈ ಎರಡು ಧ್ವನಿಗಳ ನಡುವಿನ ಅಂತರವೇ ಕಾದಂಬರಿ.

ಅಭ್ಯಾಸಕ್ಕೆ ಬಂದರೆ, ಮತ್ತೆ ಮತ್ತೆ ಕಾಣಿಸುವುದು ಚೋಮ ಸಾಕಿಕೊಂಡಿರುವ ಎತ್ತಿನ ಜೋಡಿ ಮತ್ತು ತಾನೂ ಒಂದು ತುಂಡು ಗದ್ದೆಯನ್ನು ಬೇಸಾಯ ಮಾಡಬೇಕೆಂಬ ಅವನ ಹಂಬಲ. ಆತ ಯಾರ ಮನೆಯೊಳಗೂ ಪ್ರವೇಶ ಕೇಳುವುದಿಲ್ಲ, ಯಾರ ಪಂಕ್ತಿಯಲ್ಲೂ ಎಲೆ ಕೇಳುವುದಿಲ್ಲ. ಅವನು ಕೇಳುವುದು ನೆಲವನ್ನು, ಅದೂ ಗೇಣಿಗೆ. ಈ ಬೇಡಿಕೆ ಎಷ್ಟು ಸಲ ಬರುತ್ತದೆ, ಪ್ರತಿ ಸಲವೂ ಹೇಗೆ ಮುರಿಯುತ್ತದೆ ಎಂದು ಗುರುತು ಹಾಕಿಕೊಂಡರೆ ಓದುಗನು ಆಶಯದ ಹತ್ತಿರ ಬರುತ್ತಾನೆ.

ಅಪೂರ್ವತೆ ಎಂದರೆ ಈ ಕೃತಿ ಮಾತ್ರ ಹೇಳುವ ಸಂಗತಿ. ಅಸ್ಪೃಶ್ಯತೆ ಅನ್ಯಾಯ ಎಂಬ ಮಾತು 1933ರ ಹೊತ್ತಿಗೆ ಹೊಸದಾಗಿರಲಿಲ್ಲ. ಡಾ. ಅಂಬೇಡ್ಕರರು ಮಹಾಡದ ಕೆರೆಯ ಸತ್ಯಾಗ್ರಹವನ್ನು ನಡೆಸಿದ್ದು 1927ರಲ್ಲಿ. ಗಾಂಧೀಜಿಯವರ ‘ಹರಿಜನ’ ಪತ್ರಿಕೆ ಆರಂಭವಾದದ್ದು ಅದೇ 1933ರಲ್ಲಿ. ಕಾರಂತರ ಹೊಸತನವಿರುವುದು ಚೋಮನನ್ನು ಕರುಣೆಗೆ ಪಾತ್ರನಾದ ದೀನನೆಂದು ಮಾತ್ರ ಕಾಣದೆ, ಬೇಸಾಯಗಾರನಾಗಬೇಕೆಂಬ ಹೆಬ್ಬಯಕೆಯುಳ್ಳ ಮನುಷ್ಯನೆಂದು ಕಂಡುದರಲ್ಲಿ.

ಉಪಪತ್ತಿಯನ್ನು, ಅಂದರೆ ಕಾರಣಗಳ ಸರಣಿಯನ್ನು ಬಿಡಿಸಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ನೆಲವಿಲ್ಲ, ಆದ್ದರಿಂದ ಸಾಲ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಹೋದ ಗಂಡುಮಕ್ಕಳಲ್ಲಿ ಒಬ್ಬ ಸಾಯುತ್ತಾನೆ, ಮತ್ತೊಬ್ಬ ಮತ ಬದಲಿಸಿ ಮದುವೆಯಾಗಿ ದೂರವಾಗುತ್ತಾನೆ. ಸಾಲ ಮಾತ್ರ ಉಳಿಯುತ್ತದೆ, ಅದರ ಬೆಲೆಯನ್ನು ಮಗಳು ಬೆಳ್ಳಿ ತೆರಬೇಕಾಗುತ್ತದೆ. ಕಿರಿಯ ನೀಲ ನೀರಿನಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆಯೆಂಬ ನಂಬಿಕೆ ಅಡ್ಡ ಬರುತ್ತದೆ. ಕ್ರೈಸ್ತನಾದರೆ ಭೂಮಿ ದೊರೆಯಬಹುದೆಂದು ಹೊರಟ ಚೋಮ ತನ್ನ ದೈವವನ್ನು ಬಿಡಲಾರದೆ ಹಿಂದಿರುಗುತ್ತಾನೆ. ಪ್ರತಿಯೊಂದು ನಷ್ಟವೂ ಹಿಂದಿನದರಿಂದಲೋ ಆ ಒಂದು ನಿರಾಕರಣೆಯ ಮೂಲದಿಂದಲೋ ಹೊರಡುತ್ತದೆ. ಯಾವುದೂ ಕೇವಲ ದುರದೃಷ್ಟವಲ್ಲ.

ಅರ್ಥವಾದವನ್ನು ಆಧುನಿಕ ಕೃತಿಯಲ್ಲಿ ನಿರೂಪಣೆಯ ಧಾಟಿಯಲ್ಲಿ ಹುಡುಕಬೇಕು. ಯಾರನ್ನು ನಿರೂಪಕ ಹತ್ತಿರದಿಂದ ನೋಡುತ್ತಾನೆ, ಎಲ್ಲಿ ಅವನ ಮಾತು ಕಹಿಯಾಗುತ್ತದೆ, ಎಲ್ಲಿ ಮೌನವಾಗುತ್ತದೆ ಎಂಬುದೇ ಇಲ್ಲಿಯ ಸ್ತುತಿ ಮತ್ತು ನಿಂದೆ. ಫಲವೆಂದರೆ ಓದುಗನಲ್ಲಿ ಉಳಿಯುವ ಭಾವ. ‘ಚೋಮನ ದುಡಿ’ ನಮ್ಮನ್ನು ಸಮಾಧಾನಪಡಿಸಿ ಕಳುಹಿಸುವುದಿಲ್ಲ, ಆ ಧ್ವನಿಯನ್ನು ಕೇಳುತ್ತಲೇ ಇರುವಂತೆ ಬಿಟ್ಟುಹೋಗುತ್ತದೆ.

ಇವೆಲ್ಲವನ್ನೂ ಒಟ್ಟುಗೂಡಿಸಿದರೆ ಆಶಯವನ್ನು ಹೀಗೆ ಹೇಳಬಹುದು: ತಾನು ದುಡಿಯುವ ಮಣ್ಣಿನ ಮೇಲೆ ಹಕ್ಕನ್ನು ಹುಟ್ಟಿನ ಕಾರಣಕ್ಕೆ ನಿರಾಕರಿಸಿದಾಗ ಮನುಷ್ಯನು ಅನ್ನವನ್ನಷ್ಟೇ ಅಲ್ಲ, ಸಂಸಾರವನ್ನೂ ಬದುಕಿನ ಅರ್ಥವನ್ನೂ ಕಳೆದುಕೊಳ್ಳುತ್ತಾನೆ.

ವಿಷಯಕ್ಕೂ ಆಶಯಕ್ಕೂ ಇರುವ ವ್ಯತ್ಯಾಸ ಕೇವಲ ಪಾಂಡಿತ್ಯದ ಮಾತಲ್ಲ. ‘ಅಸ್ಪೃಶ್ಯತೆಯ ಕಥೆ’ ಎಂದು ಮುಗಿಸಿದರೆ, ಆ ಪದ್ಧತಿಯನ್ನು 1950ರಲ್ಲಿ ಜಾರಿಗೆ ಬಂದ ಸಂವಿಧಾನವೇ ರದ್ದುಪಡಿಸಿದೆಯಲ್ಲ ಎಂದು ಪುಸ್ತಕವನ್ನು ಮುಚ್ಚಿಡಬಹುದು. ಆಶಯವನ್ನು ಹಿಡಿದವರಿಗೆ ಅದು ಸಾಧ್ಯವಿಲ್ಲ. ಕರ್ನಾಟಕದಲ್ಲಿ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯೊಂದಿಗೆ ಬಹುಸಂಖ್ಯೆಯ ರೈತರಿಗೆ ನೆಲವನ್ನು ಕೊಟ್ಟಿತು. ಆದರೆ ಅದರ ಮುಖ್ಯ ಲಾಭ ದೊರೆತದ್ದು ಗೇಣಿದಾರರಿಗೆ. ಚೋಮ ಗೇಣಿದಾರನೂ ಆಗಿರಲಿಲ್ಲ, ಆಗಬೇಕೆಂಬುದೇ ಅವನ ಕನಸಾಗಿತ್ತು. ಉಳುವ ಅವಕಾಶವೇ ಇಲ್ಲದವನಿಗೆ ಉಳುವವನ ಹಕ್ಕು ಹೇಗೆ ತಲುಪೀತು ಎಂಬ ಪ್ರಶ್ನೆಯನ್ನು ಕಾದಂಬರಿ ನಾಲ್ಕು ದಶಕ ಮೊದಲೇ ಕೇಳಿತ್ತು.

ಆಶಯವು ಪ್ರಶ್ನೆಯಾಗಿದ್ದಾಗ

ಎಲ್ಲ ಕೃತಿಗಳ ಆಶಯವೂ ಹೀಗೆ ಒಂದು ವಾಕ್ಯಕ್ಕೆ ಇಳಿಯುವುದಿಲ್ಲ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಇದಕ್ಕೆ ಒಳ್ಳೆಯ ಉದಾಹರಣೆ. ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರಗಳನ್ನು ಧಿಕ್ಕರಿಸಿ ಬದುಕಿದ ನಾರಣಪ್ಪ ಸಾಯುತ್ತಾನೆ. ಅವನಿಗೆ ಬಹಿಷ್ಕಾರ ಹಾಕಿರಲಿಲ್ಲವಾದ್ದರಿಂದ ಅವನ ಶವಸಂಸ್ಕಾರವನ್ನು ಯಾರು ಮಾಡಬೇಕೆಂಬ ಸಮಸ್ಯೆ ಏಳುತ್ತದೆ. ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಹುಡುಕುತ್ತಾರೆ, ಮಾರುತಿಯ ಗುಡಿಯಲ್ಲಿ ಕಾಯುತ್ತಾರೆ. ಉತ್ತರ ದೊರೆಯುವುದಿಲ್ಲ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಶವದ ಸಮಸ್ಯೆ ಕಾದಂಬರಿಯ ನಡುವೆಯೇ ಮುಗಿದುಹೋಗುತ್ತದೆ: ಚಂದ್ರಿ ಮುಸಲ್ಮಾನನೊಬ್ಬನ ನೆರವಿನಿಂದ ರಾತ್ರಿ ಗುಟ್ಟಾಗಿ ದಹನ ಮಾಡಿಸಿ ಊರು ಬಿಡುತ್ತಾಳೆ. ಅದು ಅಗ್ರಹಾರಕ್ಕೆ ತಿಳಿಯದು, ಓದುಗನಿಗೆ ತಿಳಿದಿದೆ. ಆದರೂ ಕಾದಂಬರಿ ನಿಲ್ಲದೆ ಆಚಾರ್ಯರ ಬೆನ್ನು ಹತ್ತಿ ಮುಂದುವರಿಯುತ್ತದೆ. ಕಥಾನಕದ ಪ್ರಶ್ನೆ ತೀರಿದ ಮೇಲೂ ಕೃತಿ ಮುಂದುವರಿದರೆ ಅದರ ಆಶಯ ಬೇರೆಡೆ ಇದೆ ಎಂದರ್ಥ. ‘ಸಂಸ್ಕಾರ’ ಎಂಬ ಪದಕ್ಕೆ ಶವಕ್ಕೆ ಮಾಡುವ ಅಂತ್ಯಕ್ರಿಯೆ ಎಂಬ ಅರ್ಥವೂ ಇದೆ, ಮನಸ್ಸನ್ನು ತಿದ್ದುವುದು ಎಂಬ ಅರ್ಥವೂ ಇದೆ. ಮೊದಲನೆಯ ಅರ್ಥದಿಂದ ಹೊರಟ ಕೃತಿ ಎರಡನೆಯದರತ್ತ ನಡೆಯುತ್ತದೆ. ಕೊನೆಯಲ್ಲಿ ಆಚಾರ್ಯರು ಅಗ್ರಹಾರದ ಕಡೆಗೆ ಗಾಡಿಯಲ್ಲಿ ಹೊರಡುತ್ತಾರೆ, ತಲುಪಿದ ಮೇಲೆ ಏನಾಯಿತೆಂದು ನಮಗೆ ಹೇಳುವುದಿಲ್ಲ. ಪರಂಪರೆಯಿಂದ ಬಂದ ಗುರುತು ಕಳಚಿದ ಮೇಲೆ ಮನುಷ್ಯ ತನ್ನ ಆಯ್ಕೆಯ ಹೊಣೆಯನ್ನು ಹೇಗೆ ಹೊರಬೇಕು ಎಂಬ ಪ್ರಶ್ನೆಯನ್ನು ಕೃತಿ ನಮ್ಮ ಕೈಗೆ ಕೊಟ್ಟು ನಿಲ್ಲುತ್ತದೆ. ಇದಕ್ಕೆ ಉತ್ತರವನ್ನು ಬಲವಂತವಾಗಿ ಹಚ್ಚಿದರೆ ಕೃತಿಗೆ ಅನ್ಯಾಯವಾಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಆಶಯವನ್ನು ನೀತಿಯೆಂದು ತಿಳಿಯುವುದು ಮೊದಲನೆಯ ತಪ್ಪು. ಪಂಚತಂತ್ರದ ಕಥೆಗಳಲ್ಲಿ ನೀತಿಯು ಕಥೆಯಿಂದ ಬೇರ್ಪಡಿಸಬಹುದಾದ ಮಾತು. ಕಾದಂಬರಿಯ ಆಶಯವನ್ನು ಹಾಗೆ ಬೇರ್ಪಡಿಸಲಾಗದು, ಅದು ಘಟನೆಗಳಲ್ಲಿ ಹರಡಿಕೊಂಡಿರುತ್ತದೆ.

ಪಾತ್ರವೊಂದರ ಮಾತನ್ನೇ ಕೃತಿಯ ಮಾತೆಂದು ಎತ್ತಿ ಹಿಡಿಯುವುದು ಎರಡನೆಯದು. ಪಾತ್ರಗಳು ಪರಸ್ಪರ ವಿರುದ್ಧವಾಗಿ ಮಾತನಾಡುತ್ತವೆ. ಯಾವ ಮಾತನ್ನು ಘಟನೆಗಳು ಸಮರ್ಥಿಸುತ್ತವೆ ಎಂಬುದನ್ನು ನೋಡಬೇಕು.

ಲೇಖಕರ ಭಾಷಣ, ಸಂದರ್ಶನ ಅಥವಾ ರಾಜಕೀಯ ನಿಲುವನ್ನು ಕೃತಿಯ ಮೇಲೆ ಹೇರುವುದು ಮೂರನೆಯದು. ಲೇಖಕರು ಉದ್ದೇಶಿಸಿದ್ದಕ್ಕಿಂತ ಹೆಚ್ಚನ್ನು ಕೃತಿ ಹೇಳಿರಬಹುದು, ಕಡಿಮೆಯನ್ನೂ ಹೇಳಿರಬಹುದು.

ಒಂದು ಕೃತಿಗೆ ಒಂದೇ ಆಶಯವೆಂಬ ಹಟ ನಾಲ್ಕನೆಯದು. ಮುಂಬಯಿಯಲ್ಲಿ ನೆಲೆಸಿ ಬರೆದ ಯಶವಂತ ಚಿತ್ತಾಲರ ‘ಶಿಕಾರಿ’ (1979) ಮಹಾನಗರದ ಕಂಪನಿಯೊಂದರ ಅಧಿಕಾರಿ ನಾಗಪ್ಪನ ಕಥೆ. ಆರೋಪಕ್ಕೆ ಗುರಿಯಾಗಿ ತನಿಖೆಯನ್ನು ಎದುರಿಸುವ ಅವನ ಅನುಭವದಲ್ಲಿ ಉದ್ಯೋಗಜಗತ್ತಿನ ಬೇಟೆಯನ್ನು ಕಾಣಬಹುದು, ಭಯವು ಮನಸ್ಸನ್ನು ಒಳಗಿನಿಂದಲೇ ಬೇಟೆಯಾಡುವುದನ್ನೂ ಕಾಣಬಹುದು. ಎರಡಕ್ಕೂ ಕೃತಿಯಲ್ಲಿ ಆಧಾರವಿದೆ. ಆಧಾರವಿರುವ ಎರಡು ಓದುಗಳು ಒಟ್ಟಿಗೆ ನಿಲ್ಲಬಲ್ಲವು, ಆಧಾರವಿಲ್ಲದ ಓದು ಎಷ್ಟು ಜಾಣತನದ್ದಾದರೂ ನಿಲ್ಲಲಾರದು.

ಮನೆಯಲ್ಲಿ ಮಾಡಬಹುದಾದ ಅಭ್ಯಾಸ

ಹೊರನಾಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಹಿರಿಯರು ಮೂಲದಲ್ಲಿ ಓದಿದ ಕೃತಿಯನ್ನು ಕಿರಿಯರು ಅನುವಾದದಲ್ಲಿ ಓದುವುದು ಅಥವಾ ಚಲನಚಿತ್ರವಾಗಿ ನೋಡುವುದು ಸಾಮಾನ್ಯ. ಎ. ಕೆ. ರಾಮಾನುಜನ್ ಅವರು ಮಾಡಿದ ‘ಸಂಸ್ಕಾರ’ದ ಇಂಗ್ಲಿಷ್ ಅನುವಾದ 1976ರಲ್ಲಿಯೇ ಬಂದಿದೆ. ಭಾಷೆಯ ಸೊಗಡು ಅನುವಾದದಲ್ಲಿ ಸ್ವಲ್ಪ ಕಳೆಯಬಹುದು, ಆದರೆ ಆರಂಭ ಮತ್ತು ಅಂತ್ಯ, ಮರುಕಳಿಸುವ ಚಿತ್ರಗಳು, ಕಾರಣಗಳ ಸರಣಿ ಇವು ಬಹುಮಟ್ಟಿಗೆ ಉಳಿಯುತ್ತವೆ. ಆದುದರಿಂದ ಎರಡು ತಲೆಮಾರುಗಳು ಕೂಡಿ ಚರ್ಚಿಸಲು ಆಶಯವೇ ಸೂಕ್ತವಾದ ನೆಲೆ.

ಓದಿದ ಮೇಲೆ ಈ ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಮೊದಲ ಪುಟದಲ್ಲಿದ್ದ ಯಾವುದು ಕೊನೆಯ ಪುಟದಲ್ಲಿ ಬದಲಾಗಿದೆ? ಮತ್ತೆ ಮತ್ತೆ ಬಂದ ವಸ್ತು, ಮಾತು ಅಥವಾ ಆಸೆ ಯಾವುದು? ಈ ವಿಷಯದ ಮೇಲಿನ ಬೇರೆ ಕೃತಿಗಳು ಹೇಳದ ಯಾವುದನ್ನು ಇದು ಹೇಳಿತು? ಯಾವುದರಿಂದ ಯಾವುದು ಆಯಿತು? ನಿರೂಪಣೆಯ ಒಲವು ಯಾರ ಕಡೆಗಿದೆ? ಮುಚ್ಚಿಟ್ಟ ಮೇಲೂ ನಮ್ಮಲ್ಲಿ ಉಳಿದದ್ದು ಏನು? ಉತ್ತರಗಳನ್ನು ಸೇರಿಸಿ ಒಂದು ಪೂರ್ಣ ವಾಕ್ಯವನ್ನು ಬರೆಯಬೇಕು. ‘ಜಾತಿ’, ‘ಪ್ರೀತಿ’, ‘ಒಂಟಿತನ’ ಎಂಬ ಬಿಡಿಪದ ಸಾಲದು. ಬರೆದ ವಾಕ್ಯಕ್ಕೆ ಎದುರಾಗಿ ನಿಲ್ಲುವ ಪ್ರಸಂಗವೊಂದನ್ನು ಕೃತಿಯಲ್ಲಿಯೇ ಹುಡುಕಬೇಕು. ಸಿಕ್ಕಿದರೆ ವಾಕ್ಯವನ್ನು ತಿದ್ದಬೇಕು, ಪ್ರಸಂಗವನ್ನು ಮರೆಮಾಚಬಾರದು.

ಹೀಗೆ ತಿದ್ದಿಕೊಂಡ ಮಾತು ಅಜ್ಜನದೂ ಮೊಮ್ಮಗಳದೂ ಒಂದೇ ಆಗಿರಬೇಕಾಗಿಲ್ಲ. ಇಬ್ಬರೂ ತಮ್ಮ ಮಾತಿಗೆ ಅದೇ ಪುಸ್ತಕದ ಪುಟವನ್ನು ತೆರೆದು ತೋರಿಸುವಂತಾದರೆ ಆ ಕೃತಿ ಆ ಮನೆಯಲ್ಲಿ ಜೀವಂತವಾಗಿದೆ ಎಂದೇ ತಿಳಿಯಬೇಕು.